ಸಮರಕಂದದ ತಿಗರಿ

ಖಾನಾಪುರ

ಕರೆ ಬಂದದ್ದು ಅಪ್ಪನಿಗೆ. ನಾನು ಅವನ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಜೊತೆಗೆ ಹೋದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮರಳಿ ಬಂದ ಮೇಲೆ, ಬೆಳಗಾವಿಯಲ್ಲಿ ನಾನು ಇತಿಹಾಸ ಕಲಿಸುವ ಕಾಲೇಜಿನಲ್ಲಿ ಒಂದು ಸಣ್ಣ ಸಭೆ ನಡೆಯಿತು. ಹಾರ ನನ್ನ ಕೊರಳಿಗೆ ಬಿತ್ತು. ಅಪ್ಪ ಎರಡನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ. ಆ ತಪ್ಪನ್ನು ಈ ಬರಹದಲ್ಲಾದರೂ ಸರಿಪಡಿಸಬೇಕು.

ಎಂಬತ್ತರ ದಶಕದ ಆರಂಭ. ಸೋವಿಯತ್ ದೇಶದ ಸಮರಕಂದದಲ್ಲಿ ಕೈಕೆಲಸದವರ ಮೇಳವೊಂದು ಏರ್ಪಾಡಾಗಿತ್ತು. ಭಾರತದಿಂದ ಒಬ್ಬ ಕುಂಬಾರ ಬೇಕಾಗಿದ್ದ. ಬೆಳಗಾವಿಯ ಒಬ್ಬ ಅಧಿಕಾರಿ ಎಂದೋ ಖಾನಾಪುರದ ಸಂತೆಯಲ್ಲಿ ಅಪ್ಪ ಮಾಡಿದ ನೀರಿನ ಹರವಿಯೊಂದನ್ನು ಕೊಂಡಿದ್ದರು. ಬೇಸಿಗೆಯಲ್ಲಿ ನೀರು ತಣ್ಣಗಿರುತ್ತದೆಂದು ಅವರ ಮನೆಯವರು ಅಪ್ಪನ ಹೆಸರನ್ನು ನೆನಪಿಟ್ಟಿದ್ದರಂತೆ. ಹೀಗೆ ಮಲಪ್ರಭೆಯ ದಂಡೆಯ ಕುಂಬಾರ ಓಣಿಯ ಒಂದು ಹೆಸರು ದಿಲ್ಲಿಯ ಕಡತದೊಳಗೆ ಹೋಗಿ ಕುಳಿತಿತು. ಅಪ್ಪನಿಗೆ ಕನ್ನಡ, ಮರಾಠಿ, ಸಂತೆಗೆ ಬೇಕಾಗುವಷ್ಟು ಹಿಂದಿ ಬರುತ್ತವೆ. ದುಭಾಷಿಯಾಗಿ ಮಗಳು ಬರಬಹುದೆಂದು ಅಲ್ಲಿಂದಲೇ ಒಪ್ಪಿಗೆ ಬಂತು.

ಹೊರಡುವ ಹಿಂದಿನ ದಿನ ಬುತ್ತಿ ಕಟ್ಟುತ್ತ ಅವ್ವ ದನಿ ಇಳಿಸಿದಳು. "ನಿಮ್ಮಪ್ಪ ಯಾರ ಮುಂದೂ ಹೇಳಿಲ್ಲ. ದೀಪಾವಳಿ ಆದಾಗಿಂದ ಹರವಿ ಬಾಯಿ ಸೊಟ್ಟ ಬರಾಕತ್ತಾವು. ಯಾರೂ ನೋಡಬಾರದಂತ ಮುದ್ದಿ ಮಾಡಿ ಮತ್ತ ಮಣ್ಣಾಗ ಹಾಕತಾನ. ಕೈ ನಡಗೂದು ನನಗಂತೂ ಕಂಡಿಲ್ಲ. ನಿನಗ ಕಂಡೈತೇನು?"

ನನಗೂ ಕಂಡಿರಲಿಲ್ಲ. ನಾನು ವಾರಕ್ಕೊಮ್ಮೆ ಬಸ್ಸಿನಲ್ಲಿ ಊರಿಗೆ ಬಂದು ಬಟ್ಟೆ ಒಗೆದುಕೊಂಡು ಹೋಗುವವಳು.

ದಿಲ್ಲಿಯ ರೈಲಿನಲ್ಲಿ ಅಪ್ಪನೇ ಮಾತು ತೆಗೆದ. ಕಿಟಕಿಯ ಹೊರಗೆ ನೋಡುತ್ತಲೇ ಅಂದ. "ಅಲ್ಲೆ ಗಡಿಗಿ ನೆಟ್ಟಗ ಎದ್ದರ ಛಲೋ. ಏಳಲಿಲ್ಲಂದ್ರ ಊರಿಗೆ ಬಂದ ಮ್ಯಾಲೆ ತಿಗರಿ ಇಳಸತೇನಿ."

"ಇಳಸಿ ಏನ ಮಾಡತೀ?"

"ಕುಂದರತೇನಿ. ನಿಮ್ಮವ್ವನ ಜೋಡಿ ಜಗಳಾ ಮಾಡಕೋತ."

ತಿಗರಿ ಎಂದರೆ ಕುಂಬಾರರ ಚಕ್ರ. ಉದ್ದನೆಯ ಕೋಲಿನಿಂದ ಅದನ್ನು ರಭಸವಾಗಿ ತಿರುಗಿಸಿ, ಅದು ತಿರುಗುತ್ತಿರುವಷ್ಟು ಹೊತ್ತು ಮಣ್ಣನ್ನು ಎತ್ತುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಒಂದು ಮರ್ಯಾದೆಯಿದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅಪ್ಪ ಅದರ ಮೇಲೆ ಮೂರು ಬೆರಳಿನ ವಿಭೂತಿ ಎಳೆಯುತ್ತಾನೆ. ಅದಕ್ಕೆ ಯಾರ ಕಾಲೂ ತಾಗಕೂಡದು. ಹೆಣ್ಣುಮಕ್ಕಳ ಕೈಯೂ ತಾಗಕೂಡದು. ಮಣ್ಣು ತರುವುದು, ಸೋಸುವುದು, ತುಳಿಯುವುದು, ಒಣಗಿದ ಗಡಿಗೆಗೆ ಕೆಮ್ಮಣ್ಣು ಬಳಿಯುವುದು ಎಲ್ಲವೂ ಅವ್ವನದೇ. ತಿಗರಿಯೊಂದು ಮಾತ್ರ ಅವಳದಲ್ಲ. ಯಾಕೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಯಾಕಂತ ನಮ್ಮವ್ವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನೀನೊಬ್ಬಾಕಿ ಕೇಳಾಕತ್ತಿ," ಎಂದು ಅವ್ವ ನಕ್ಕಿದ್ದಳು. ಸಾಲೆ ಬಿಟ್ಟ ಮೇಲೆ ನಾನು ಹೊಸ್ತಿಲ ಮೇಲೆ ಕುಳಿತು ಅದನ್ನು ನೋಡುತ್ತಿದ್ದೆ. ಹೀಗೆ ಎಷ್ಟೋ ವರ್ಷ ನೋಡಿದೆ.

ತಾಷ್ಕೆಂಟ್

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅವ್ವನ ಖಡಕ್ ರೊಟ್ಟಿಗೂ ಶೇಂಗಾ ಹಿಂಡಿಗೂ ಯಾರೂ ಏನೂ ಅನ್ನಲಿಲ್ಲ. ಅಪ್ಪನ ಕೈಚೀಲಕ್ಕೆ ಮಾತ್ರ ತಡೆಯಾಯಿತು. ಅದರಲ್ಲಿ ಖಾನಾಪುರದ ಮಣ್ಣು ಇತ್ತು, ಸೋಸಿ ಹದ ಮಾಡಿ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದು. ತರುವ ವಿಷಯವನ್ನು ಅವನು ನನಗೆ ಹೇಳಿರಲಿಲ್ಲ.

ತರುಣ ಅಧಿಕಾರಿ ಅದನ್ನು ಮೂಸಿ ನೋಡಿ, ತಂತಿಯಿಂದ ಚುಚ್ಚಿ ನೋಡಿ, ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದ. ಮಣ್ಣು ಎಂದೆ. ಯಾಕೆ ಎಂದ. ಗಡಿಗೆ ಮಾಡಲು ಎಂದೆ. ಅವನು ನನ್ನ ಮುಖವನ್ನೇ ನೋಡಿ ಇನ್ನೊಂದು ಪ್ರಶ್ನೆ ಕೇಳಿದ.

"ಏನಂತ?" ಅಪ್ಪ ಕೇಳಿದ.

"ತಮ್ಮ ದೇಶದಾಗ ಮಣ್ಣಿಲ್ಲೇನು ಅಂತ."

"ಖರೇ ಐತಿ ಅವಂದು," ಎಂದು ಅಪ್ಪ ಸ್ವಲ್ಪ ಯೋಚಿಸಿದ. "ಆದ್ರ ಈ ಮಣ್ಣು ಇಲ್ಲಲ್ಲ ಅಂತ ಹೇಳು."

ಇದನ್ನು ಹೇಗೆ ಹೇಳುವುದೆಂದು ನಾನು ಶಬ್ದ ಹುಡುಕುತ್ತಿದ್ದಾಗ ಅಪ್ಪ ಆ ಮುದ್ದೆಯಿಂದ ನಿಂಬೆಹಣ್ಣಿನಷ್ಟು ಮಣ್ಣನ್ನು ಚಿವುಟಿಕೊಂಡು ಮೇಜಿನ ಮೇಲೇ ಕೆಲಸಕ್ಕೆ ಇಳಿದಿದ್ದ. ನಾಲ್ಕು ಕಾಲು ಬಂದವು, ಬೆನ್ನ ಮೇಲೆ ಹಿಣಿಲು ಬಂತು, ಕೊನೆಗೆ ಎರಡು ಕೊಂಬು. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಓಣಿಯವರು ನೂರಾರು ಮಾಡುವಂಥ ಎತ್ತು. ಅಧಿಕಾರಿ ಪಕ್ಕದ ಕೌಂಟರಿನಿಂದ ಇಬ್ಬರನ್ನು ಕರೆದ. ಮೂವರೂ ಬಗ್ಗಿ ನೋಡಿದರು. ಅವರಲ್ಲಿ ವಯಸ್ಸಾದವನು ಕೊಂಬಿನ ತುದಿಯನ್ನು ಕಿರುಬೆರಳಿನಿಂದ ಮುಟ್ಟಿ ಏನೋ ಅಂದ, ಉಳಿದಿಬ್ಬರು ನಕ್ಕರು.

ಆದರೂ ಕಾನೂನು ಕಾನೂನೇ. ಪರದೇಶದ ಮಣ್ಣು ಒಳಗೆ ಬರಕೂಡದು. ಚೀಲ ಅಲ್ಲೇ ಉಳಿಯಿತು. ಎತ್ತೂ ಅದೇ ಮಣ್ಣಿನದು, ನ್ಯಾಯವಾಗಿ ಅದೂ ಕಸದ ಬುಟ್ಟಿಗೆ ಹೋಗಬೇಕಿತ್ತು. ನಾವು ಹೊರಡುವಾಗ ಅದು ಅಧಿಕಾರಿಯ ಮುದ್ರೆಯೊತ್ತುವ ಶಿಕ್ಕೆಯ ಪಕ್ಕದಲ್ಲಿ ನಿಂತಿತ್ತು.

"ಕೈ ಛಲೋ ಅದಾವಲ್ಲಪ್ಪಾ," ಎಂದೆ.

"ಎತ್ತ ಮಾಡಾಕ ಕೈ ಯಾಕ ಬೇಕು, ಬೆರಳ ಸಾಕು," ಎಂದ. ಮಣ್ಣು ಹೋದದ್ದಕ್ಕೆ ಅವನು ಎಷ್ಟು ನೊಂದಿದ್ದಾನೆಂಬುದು ನನಗೆ ಗೊತ್ತಾದದ್ದು ಆ ದಿನ ಅವನು ರೊಟ್ಟಿಯ ಗಂಟನ್ನು ಬಿಚ್ಚದೇ ಇದ್ದಾಗ.

ಹೊರಗೆ ನಮಗಾಗಿ ಮೇಳದವರು ಕಳಿಸಿದ್ದ ನಿಗೋರಾ ಕಾದಿದ್ದಳು. ನನ್ನಷ್ಟೇ ವಯಸ್ಸು, ದಪ್ಪ ಜಡೆ, ಇತಿಹಾಸದ ಪದವಿ. ಕಾಲೇಜಿನಲ್ಲಿ ಹಿಂದಿ ಕಲಿತಿದ್ದಳು, ಅದೂ ಎಂಥ ಹಿಂದಿ ಎಂದರೆ ಒಂದು ಅಕ್ಷರವೂ ಸವೆದಿರದಂಥದು. ಅಪ್ಪನ ಹಿಂದಿಯಲ್ಲಿ ಮರಾಠಿ ಅರ್ಧ, ಕನ್ನಡ ಕಾಲು ಇರುತ್ತದೆ. ಇಬ್ಬರೂ ಐದು ನಿಮಿಷ ಬಹಳ ಆದರದಿಂದ ಮಾತನಾಡಿದರು. ಆಮೇಲೆ ಅಪ್ಪ ನನ್ನ ಕಡೆ ತಿರುಗಿ, "ಈ ಹುಡಿಗಿ ರೇಡಿಯೋದಾಗ ಕುಂತು ಮಾತಾಡಿದಂಗ ಮಾತಾಡತಾಳ. ನನಗ ಒಂದೂ ತಿಳಿವಲ್ದು. ನೀನಽ ಕೇಳು," ಎಂದ. ಅಲ್ಲಿಂದ ಮುಂದೆ ಎಲ್ಲ ಮಾತೂ ನನ್ನ ಮೂಲಕ, ಇಂಗ್ಲಿಷಿನಲ್ಲೇ ನಡೆಯಿತು.

ಸಮರಕಂದ: ದಿಬ್ಬ

ಹೋಟೆಲಿನ ಪ್ರತಿ ಮಹಡಿಗೂ ಒಬ್ಬ ಹೆಂಗಸು. ಕೀಲಿಕೈ ಅವಳ ಬಳಿಯೇ ಇರುತ್ತದೆ. ನಮ್ಮ ಮಹಡಿಯವಳು ಅಪ್ಪನ ಧೋತರ ಬಾಲ್ಕನಿಯ ಈ ತುದಿಯಿಂದ ಆ ತುದಿಗೆ ಹಾರಾಡುವುದನ್ನು ಕಂಡು ಗದರಿಸಿದಳು. ಅಪ್ಪ ಅದನ್ನು ಮಡಚುತ್ತ ಅವಳಿಗೆ ಕೈ ಮುಗಿದ. ಮರುದಿನ ಅವಳೇ ಒಂದು ಹಗ್ಗ ತಂದು ಸ್ನಾನದ ಮನೆಯಲ್ಲಿ ಕಟ್ಟಿಕೊಟ್ಟಳು.

ಮೇಳಕ್ಕೆ ಇನ್ನೂ ಒಂದು ದಿನವಿತ್ತು. ಏನು ನೋಡುತ್ತೀರಿ ಎಂದು ನಿಗೋರಾ ಕೇಳಿದಾಗ ನಾನು ಊರ ಪಕ್ಕದ ಹಳೆಯ ದಿಬ್ಬದ ಹೆಸರು ಹೇಳಿದೆ. ವರ್ಷಕ್ಕೊಮ್ಮೆ ತರಗತಿಯಲ್ಲಿ ಮಂಗೋಲರ ಪಾಠ ಮಾಡುತ್ತೇನೆ. ಅವರ ಆಳ್ವಿಕೆಯ ಪರಿಣಾಮಗಳೆಂದು ನನ್ನ ಟಿಪ್ಪಣಿಯಲ್ಲಿ ನಾಲ್ಕು ಅಂಶಗಳಿವೆ: ನಗರಗಳ ನಾಶ, ಕುಶಲಕರ್ಮಿಗಳ ರಕ್ಷಣೆ, ನಿರ್ಭಯವಾದ ವ್ಯಾಪಾರದ ದಾರಿ, ಕುದುರೆ ಟಪಾಲು. ನನ್ನ ವಿದ್ಯಾರ್ಥಿನಿಯರು ನಾಲ್ಕನ್ನೂ ಬಾಯಿಪಾಠ ಮಾಡಿ ಅದೇ ಕ್ರಮದಲ್ಲಿ ಬರೆಯುತ್ತಾರೆ. ಅವರ ಉತ್ತರದಲ್ಲಿ ನಾನು ಯಾವತ್ತೂ ತಪ್ಪು ಹಿಡಿದಿರಲಿಲ್ಲ.

ದಿಬ್ಬದ ಮೇಲೆ ಏನೂ ಇಲ್ಲ. ಹಳದಿ ಮಣ್ಣು, ಮುಳ್ಳಿನ ಗಿಡ, ಮೇಯುವ ಕುರಿ. ನಮ್ಮ ತಾಲೂಕಿನ ಕಣಕುಂಬಿಯ ಕಡೆ ಕಾಡು ರಸ್ತೆಯ ಮೇಲೆಯೇ ಬಂದು ನಿಂತಿರುವುದನ್ನು ಕಂಡ ಕಣ್ಣಿಗೆ ಅಷ್ಟು ಬೋಳು ನೆಲ ವಿಚಿತ್ರವಾಗಿ ಕಾಣುತ್ತದೆ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಊರು ಇದ್ದದ್ದು ಇಲ್ಲೇ ಎಂದು ನಿಗೋರಾ ಹೇಳಿದಳು. ದಕ್ಷಿಣದಿಂದ ಸೀಸದ ತಗಡು ಹಾಸಿದ ಕಾಲುವೆಯೊಂದು ಇಷ್ಟು ಎತ್ತರಕ್ಕೆ ನೀರು ತರುತ್ತಿತ್ತು. ಚೆಂಗೀಸ್ ಖಾನನ ಸೈನ್ಯ ಊರನ್ನು ಹಿಡಿದಾಗ ಆ ಕಾಲುವೆ ಹಾಳಾಯಿತು. ಬದುಕಿ ಉಳಿದವರಿಗೆ ಮೇಲೆ ನೀರಿಲ್ಲ. ಊರು ಕೆಳಗೆ ಇಳಿಯಿತು, ಮತ್ತೆಂದೂ ಹತ್ತಲಿಲ್ಲ.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಪ್ಪ ತಲೆಯಾಡಿಸಿದ. "ಮನಿ ಸುಟ್ಟರ ಮತ್ತ ಕಟ್ಟಬಹುದು. ನೀರ ಹೋತಂದ್ರ ಏನ ಮಾಡತಾರ, ಪಾಪ."

ಆಮೇಲೆ ಅವನು ಕಾಲಬುಡಕ್ಕೆ ನೋಡಿದ. ನೆಲದ ತುಂಬ ಬೋಕಿಗಳು, ಗಡಿಗೆಯ ಒಡೆದ ಚೂರುಗಳು. ಅವನು ಕುಕ್ಕರಗಾಲಲ್ಲಿ ಕುಳಿತು ಒಂದೊಂದನ್ನೇ ಎತ್ತಿ ತಿರುಗಿಸಿ ನೋಡತೊಡಗಿದ. "ಇದು ನೀರಿಂದು. ಇದು ಒಲಿ ಮ್ಯಾಲಿಂದು, ಮಸಿ ನೋಡು. ಇದು ದೀಪದ್ದು." ಇನ್ನೊಂದನ್ನು ಎತ್ತಿ ನಕ್ಕ. "ಈ ಕುಂಬಾರ ಭಾಳ ಗಡಿಬಿಡಿ ಮನಷ್ಯಾ. ತಳಾ ಒರಸೇ ಇಲ್ಲ. ನಮ್ಮ ಓಣ್ಯಾಗೂ ಒಬ್ಬಾಂವ ಅದಾನ, ಇವನಂಥಾಂವ."

ನಿಗೋರಾ ಅರ್ಥ ಕೇಳಿದಳು. ಹೇಳಿದೆ. ಅವಳು ತನಗೆ ಪರಿಚಯವಿದ್ದ ಆ ಚೂರುಗಳನ್ನು ಹೊಸದಾಗಿ ನೋಡಿದಳು.

"ಇವರೆಲ್ಲಾ ಎಲ್ಲಿ ಹೋದರು, ಕೇಳು," ಎಂದ ಅಪ್ಪ.

ಅವಳು ಹೇಳಿದ್ದನ್ನು ಸಂಗ್ರಹವಾಗಿ ಬರೆಯುತ್ತೇನೆ. ಊರು ಬಿದ್ದ ಮೇಲೆ ಜನರನ್ನು ಬಯಲಿಗೆ ತಂದು ಕೆಲಸದ ಪ್ರಕಾರ ಬೇರೆ ಮಾಡಿದರು. ನೇಕಾರರು, ಕಮ್ಮಾರರು, ಕುಂಬಾರರು ಎಂದು ಬೇರೆ ಬೇರೆ ಗುಂಪು. ಕಸಬು ಬಂದವರನ್ನು ಕೊಲ್ಲಲಿಲ್ಲ. ರಾಜಕುಮಾರರಿಗೂ ಸರದಾರರಿಗೂ ಹಂಚಿದರು. ಅವರು ಪೂರ್ವಕ್ಕೆ ನಡೆದರು, ಮಂಗೋಲರ ನಾಡಿಗೆ, ಅಲ್ಲಿಂದ ಕೆಲವರು ಚೀನಾಕ್ಕೆ. ಮುಂದೆ ಯಾವ ದಾರಿಯನ್ನು ವ್ಯಾಪಾರಿಗಳು ನಿರ್ಭಯದ ದಾರಿ ಎಂದು ಹೊಗಳಿದರೋ ಅದರಲ್ಲಿ ಮೊದಲು ನಡೆದವರಲ್ಲಿ ಇವರೂ ಇದ್ದರು. ಅವಳು ಇನ್ನೊಂದು ಮಾತನ್ನೂ ಬಿಡದೆ ಹೇಳಿದಳು: ಅತ್ತಣವರೂ ಇತ್ತ ಬಂದರು. ಇರಾನಿನ ನೀಲಿ ಬಣ್ಣ ಚೀನಾಕ್ಕೆ ಹೋಯಿತು, ಚೀನಾದ ಕುಂಚದ ಹೂವುಗಳು ಇಲ್ಲಿನ ಗೋಡೆಗೆ ಬಂದವು. ಇವತ್ತು ಜಗತ್ತೆಲ್ಲ ಚೆಂದ ಎನ್ನುವ ನೀಲಿ ತಟ್ಟೆ ಆ ಕಲಬೆರಕೆಯ ಕೂಸು.

ಇಲ್ಲಿಂದ ಹೋದವರಲ್ಲಿ ಯಾರಾದರೂ ತಿರುಗಿ ಬಂದರೇ ಎಂದು ನಾನು ಕೇಳಿದೆ.

"ಬಂದವರ ಬಗ್ಗೆ ನಾನು ಎಲ್ಲೂ ಓದಿಲ್ಲ," ಎಂದಳು.

ನನ್ನ ಟಿಪ್ಪಣಿಯ ಎರಡನೆಯ ಅಂಶ, 'ರಕ್ಷಣೆ', ಆ ಗಾಳಿಯಲ್ಲಿ ನಿಂತು ನೆನಪಾಗಿ ಮುಜುಗರವಾಯಿತು.

ನಿಗೋರಾ ಕೆಳಗಿನ ಊರಿನ ದೊಡ್ಡ ನೀಲಿ ಗುಮ್ಮಟದ ಕಡೆ ಕೈ ತೋರಿಸಿದಳು. ಮಂಗೋಲರು ಹೋದರೂ ಈ ಪದ್ಧತಿ ಹೋಗಲಿಲ್ಲ. ಊರು ಬಿದ್ದು ನೂರೈವತ್ತು ವರ್ಷವಾದ ಮೇಲೆ ತೈಮೂರನೂ ಗೆದ್ದ ಊರುಗಳಿಂದ ಕೈಕೆಲಸದವರನ್ನೇ ಹೊತ್ತು ತಂದ. ಅವನು ಕಟ್ಟಿಸಿದ ಆ ಗುಮ್ಮಟದ ಮಸೀದಿಗೆ ದಿಲ್ಲಿಯ ಕಲ್ಲುಕುಟಿಗರು ದುಡಿದಿದ್ದಾರೆ.

"ದಿಲ್ಲಿಯಿಂದ? ಅಂದ್ರ ನಮ್ಮಂಗ?" ಅಪ್ಪ ಎದ್ದು ನಿಂತ.

"ನಮ್ಮಂಗ ಅಲ್ಲಪ್ಪಾ. ನಮಗ ವಾಪಸ್ ಬರೂ ತಿಕೀಟೂ ಕೊಟ್ಟಾರ."

ಅವನು ಅಂಗಿಯ ಒಳಕಿಸೆಯನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಎತ್ತಿದ ಬೋಕಿಗಳನ್ನೆಲ್ಲ ಎಲ್ಲೆಲ್ಲಿದ್ದವೋ ಅಲ್ಲಲ್ಲೇ ಇಟ್ಟ.

ಮೇಳದ ಮೊದಲ ದಿನ

ಕುಂಬಾರರ ಮಂಟಪದಲ್ಲಿ ಆ ಊರಿನ ಹಿರಿಯ ಕೆಲಸಗಾರರೊಬ್ಬರು ಇದ್ದರು. ಅಲ್ಲಿ ಅಂಥವರನ್ನು ಉಸ್ತಾ ಎನ್ನುತ್ತಾರೆ. ಬೆಳಗಾವಿಯ ಕುಸ್ತಿ ತಾಲೀಮಿನಲ್ಲಿ ಕೇಳಿ ಗೊತ್ತಿದ್ದ ಶಬ್ದವಾದ್ದರಿಂದ ಅಪ್ಪ ಅವರನ್ನು ಆ ಕ್ಷಣದಿಂದಲೇ "ಉಸ್ತಾದರ" ಎಂದು ಕರೆಯತೊಡಗಿದ. ಉಸ್ತಾ ಎದೆಯ ಮೇಲೆ ಕೈಯಿಟ್ಟು ಬಾಗಿದರು. ಅಪ್ಪ "ಶರಣರಿ" ಎಂದ. ಒಬ್ಬರ ತಲೆಗೆ ಕಸೂತಿಯ ಟೋಪಿ, ಇನ್ನೊಬ್ಬರ ತಲೆಗೆ ಬಿಳಿ ಪಟಗ. ಒಬ್ಬರ ಅಂಗೈಯನ್ನು ಇನ್ನೊಬ್ಬರು ತಿರುಗಿಸಿ ನೋಡಿದರು.

ತೊಂದರೆ ಶುರುವಾದದ್ದು ಅವರ ತಿಗರಿಯನ್ನು ನೋಡಿದಾಗ. ಅದಕ್ಕೆ ಕೋಲು ಇಲ್ಲ. ಕೆಳಗೆ ಒಂದು ದೊಡ್ಡ ಗಾಲಿ, ಮೇಲೆ ಮಣ್ಣಿಡುವ ಸಣ್ಣ ಹಲಗೆ, ನಡುವೆ ಒಂದು ಕಂಬ. ಕುಂಬಾರ ಬೆಂಚಿನ ಮೇಲೆ ಕುಳಿತು ಕೆಳಗಿನ ಗಾಲಿಯನ್ನು ಕಾಲಿನಿಂದ ಒದೆಯುತ್ತ, ಮೇಲೆ ಕೈಯಿಂದ ಗಡಿಗೆ ಎತ್ತಬೇಕು.

"ತಿಗರಿಗೆ ಕಾಲ ಹಚ್ಚೂದಿಲ್ಲವಾ ನಾ," ಅಪ್ಪ ಮೆಲ್ಲಗೆ ಅಂದ.

ನಾನು ಅದನ್ನು ಆದಷ್ಟು ನಯವಾಗಿ ಹೇಳಿದೆ. ಯಾರೂ ನಗಲಿಲ್ಲ. ಉಸ್ತಾ ಒಂದು ಉಪಾಯ ಹೂಡಿದರು. ತಾವು ಬೆಂಚಿನ ಮೇಲೆ ಕುಳಿತು ಒದೆಯುತ್ತಾರೆ, ಅಪ್ಪ ಎದುರಿನ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಗಡಿಗೆ ಮಾಡಲಿ. ಹಾಗೇ ಆಯಿತು. ಸುತ್ತ ನೂರು ಜನ ನಿಂತಿದ್ದರು, ಸಾಲೆಯ ಮಕ್ಕಳೂ ಬಂದಿದ್ದರು.

ಅಪ್ಪ ಮಣ್ಣು ಇಟ್ಟು, ಕೈ ಒದ್ದೆ ಮಾಡಿಕೊಂಡು, ಅಂಗೈ ಆನಿಸಿದ. ಮಣ್ಣು ನಡುವಿಗೆ ಬರಲಿಲ್ಲ, ಅವನ ಕೈಯನ್ನು ಹೊರಕ್ಕೆ ದೂಡಿತು. ಮತ್ತೆ ಆನಿಸಿದ. ಹೆಬ್ಬೆರಳು ಇಳಿಸಿದ. ಗೋಡೆ ಎದ್ದಿತು, ಒಂದು ಕಡೆ ದಪ್ಪ, ಒಂದು ಕಡೆ ಕಾಗದ. ಬಾಯಿಗೆ ಬರುವಷ್ಟರಲ್ಲಿ ಅದು ಸೊಂಟ ತಿರುಚಿಕೊಂಡು ಕುಸಿಯಿತು. ಎರಡನೆಯದೂ ಕುಸಿಯಿತು. ಮೂರನೆಯದು ಹಲಗೆಯಿಂದಲೇ ಹಾರಿ ಮುಂದೆ ನಿಂತಿದ್ದ ಒಬ್ಬಾಕೆಯ ಲಂಗಕ್ಕೆ ಸಿಡಿಯಿತು. ಆಗ ಮಕ್ಕಳು ನಕ್ಕರು. ಮಕ್ಕಳು ನಗುವುದು ಸಹಜ.

ಅಪ್ಪ ಕೈ ತೊಳೆದುಕೊಂಡ. ನಿಧಾನವಾಗಿ, ಒಂದೊಂದೇ ಬೆರಳು.

"ಹೇಳಿಬಿಡು ಅವರಿಗೆ. ಮಣ್ಣು ಛಲೋ ಐತಿ, ತಿಗರಿ ಛಲೋ ಐ‌ತಿ. ನನ್ನ ಕೈ ಹೋಗ್ಯಾವ."

ನಾನು ಮೊದಲ ಎರಡು ಮಾತುಗಳನ್ನು ಮಾತ್ರ ಹೇಳಿದೆ.

ಉಸ್ತಾನ ಮನೆ

ಅಂದು ಮಧ್ಯಾಹ್ನವೇ ಉಸ್ತಾ ನಮ್ಮನ್ನು ಮನೆಗೆ ಕರೆದೊಯ್ದರು. ಅಂಗಳದಲ್ಲಿ ಜರದಾಳು ಹಣ್ಣಿನ ಗಿಡ, ಅದರ ಕೆಳಗೆ ಹಾಸಿದ ಅಗಲವಾದ ಮಂಚ. ನಾವು ಮಾಂಸ ತಿನ್ನುವುದಿಲ್ಲವೆಂದು ನಿಗೋರಾ ಮೊದಲೇ ಹೇಳಿದ್ದಳು. ಉಸ್ತಾನ ಹೆಂಡತಿ ಮರುಕದಿಂದ ನಮ್ಮನ್ನು ನೋಡಿ, ಕರಬೂಜ, ದ್ರಾಕ್ಷಿ, ಅಕ್ರೋಟು ತಂದಿಟ್ಟು, ಮತ್ತೆ ತಂದಿಟ್ಟು, ಸಾಕೆಂದರೂ ತಂದಿಟ್ಟರು. ಖಾನಾಪುರದಲ್ಲಿ ಬೀಗರಿಗೆ ಬಡಿಸುವ ಹೆಂಗಸರ ಕೈ ಹೀಗೇ ಇರುತ್ತದೆ.

ಅವರ ರೊಟ್ಟಿ ದುಂಡಗೆ, ದಪ್ಪಗೆ, ಮಣ್ಣಿನ ಒಲೆಯ ಗೋಡೆಗೆ ಬಡಿದು ಬೇಯಿಸಿದ್ದು. ಅದಕ್ಕೆ ಚಾಕು ಹಚ್ಚುವುದಿಲ್ಲ, ಬೋರಲಾಗಿ ಇಡುವುದಿಲ್ಲ. ಗೋಡೆಯ ಮೇಲೆ ಮೊಳೆಗೆ ಅಂಥದೇ ಒಂದು ರೊಟ್ಟಿ ತೂಗುತ್ತಿತ್ತು, ಕಲ್ಲಿನಂತೆ ಒಣಗಿ ಕಪ್ಪಾಗಿದ್ದದ್ದು. ಅಂಚಿನಲ್ಲಿ ಒಂದು ತುತ್ತಿನಷ್ಟು ಇರಲಿಲ್ಲ. ಅಪ್ಪ ಅದನ್ನೇ ನೋಡುತ್ತಿದ್ದ. ದೂರ ಹೋಗುವವರು ಒಂದು ತುತ್ತು ಕಚ್ಚಿ ಹೋಗುತ್ತಾರೆ, ಉಳಿದದ್ದನ್ನು ಅವರು ಬಂದು ತಿನ್ನಲೆಂದು ಮನೆಯವರು ಇಟ್ಟಿರುತ್ತಾರೆ ಎಂದು ನಿಗೋರಾ ಹೇಳಿದಳು. ಅದು ಉಸ್ತಾನ ಅಣ್ಣನದು. ಮಹಾಯುದ್ಧಕ್ಕೆ ಹೋದವರು.

ಅಪ್ಪ ಎದ್ದು ಗೋಡೆಗೆ ಕೈ ಮುಗಿದು ಬಂದು ಕುಳಿತ. ಉಸ್ತಾನ ಹೆಂಡತಿ ಒಳಗೆ ಹೋದರು, ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ನಾನು ಮಾತು ಬದಲಿಸಲು ದಿಬ್ಬದ ಕುಂಬಾರರ ವಿಷಯ ತೆಗೆದೆ. ಉಸ್ತಾ ತಲೆಯಾಡಿಸಿದರು. ತಮ್ಮ ಮನೆತನ ಆ ಹಳೆಯ ಊರಿನದಲ್ಲವೆಂದು ಅಜ್ಜ ಹೇಳುತ್ತಿದ್ದರಂತೆ. ಕೈಕಸಬು ಇದ್ದವರನ್ನೆಲ್ಲ ಒಯ್ದ ಮೇಲೆ ಊರಿಗೆ ಗಡಿಗೆ ಮಾಡುವವರೇ ಉಳಿದಿರಲಿಲ್ಲ. ಯಾವುದೋ ಹಳ್ಳಿಯಿಂದ ಬಂದವರು ಒಡೆದ ಚೂರುಗಳನ್ನು ನೋಡಿ ನೋಡಿ ಮೊದಲಿನಿಂದ ಕಲಿತರು, ನಾವು ಅವರ ಪೈಕಿ ಎನ್ನುತ್ತಿದ್ದರಂತೆ.

ಚಹಾ ಆದ ಮೇಲೆ ಅವರು ಹಿತ್ತಲಿನ ತಮ್ಮ ತಿಗರಿಗೆ ಕುಳಿತು ಒಂದು ಬಟ್ಟಲು ಎತ್ತಿ ತೋರಿಸಿದರು. ಅಪ್ಪ ಅವರ ಕೈಗಳನ್ನು ನೋಡುತ್ತಿದ್ದ. ನಾನು ಅಭ್ಯಾಸದಂತೆ ಗಾಲಿಯನ್ನು ನೋಡುತ್ತಿದ್ದೆ. ಏನೋ ಸರಿಯಿಲ್ಲ ಎನಿಸಿತು. ಕನ್ನಡಿಯಲ್ಲಿ ನಮ್ಮ ಮನೆಯನ್ನೇ ನೋಡಿದಂತೆ, ಎಲ್ಲವೂ ಅದೇ, ಎಲ್ಲವೂ ಬೇರೆ ಕಡೆ. ಅದು ಏನೆಂದು ತಿಳಿಯಲು ಒಂದು ಬಟ್ಟಲು ಪೂರ್ತಿಯಾಗುವಷ್ಟು ಹೊತ್ತು ಬೇಕಾಯಿತು.

"ಅಪ್ಪಾ, ನಮ್ಮ ತಿಗರಿ ಯಾವ ಕಡೆ ತಿರಗತೈತಿ?"

"ಅದೇನ ಕೇಳತೀ," ಎಂದು ಉತ್ತರ ಹೇಳಲು ಬಾಯಿ ತೆರೆದ. ಅವನಿಗೆ ಗೊತ್ತಿರಲಿಲ್ಲ. ನಲವತ್ತೈದು ವರ್ಷ ತಿರುಗಿಸಿದವನಿಗೆ ಬಾಯಲ್ಲಿ ಹೇಳಲು ಬರಲಿಲ್ಲ. ಕಣ್ಣು ಮುಚ್ಚಿ, ಇಲ್ಲದ ಕೋಲನ್ನು ಹಿಡಿದು, ಗಾಳಿಯಲ್ಲಿ ಬಲಗೈ ತಿರುಗಿಸಿದ. ಕಣ್ಣು ತೆರೆದು ಉಸ್ತಾನ ಗಾಲಿಯನ್ನು ನೋಡಿದ. ಮತ್ತೊಮ್ಮೆ ಗಾಳಿಯಲ್ಲಿ ತಿರುಗಿಸಿದ.

"ನಮ್ಮದು ಗುಡಿ ಸುತ್ತಿದಂಗ," ಎಂದೆ. "ಇವರದು ಉಲ್ಟಾ. ನಿನ್ನ ಕೈಗೇನೂ ಆಗಿಲ್ಲ. ಮಣ್ಣು ಆ ಕಡಿಂದ ಬರಾಕತ್ತಿತ್ತು, ನೀ ಈ ಕಡಿಂದ ಹಾದಿ ಕಾಯಾಕತ್ತಿದ್ದಿ."

ನಿಗೋರಾ ಉಸ್ತಾನಿಗೆ ವಿವರಿಸಿದಳು. ಅವರು ತಮ್ಮ ಕಾಲನ್ನೇ ಬೆರಗಿನಿಂದ ನೋಡಿಕೊಂಡರು. ಬಲಗಾಲಿನಿಂದ ಮುಂದಕ್ಕೆ ಒದ್ದರೆ ಗಾಲಿ ಹಾಗೆಯೇ ತಿರುಗುತ್ತದೆ. ಆಮೇಲೆ ದನಿ ತಗ್ಗಿಸಿ ಏನೋ ಹೇಳಿದರು: ತಮ್ಮ ಅಜ್ಜ ಹಜ್ಜಿಗೆ ಹೋದಾಗ ಕಾಬಾ ಸುತ್ತಿದ್ದೂ ಈ ದಿಕ್ಕಿನಲ್ಲೇ.

"ಹಂಗಾರ ಅವರದು ಉಲ್ಟಾ ಅಲ್ಲ ಬಿಡು," ಎಂದ ಅಪ್ಪ.

ಉಸ್ತಾ ಎಡಗಾಲಿನಿಂದ ಒದೆಯಲು ನೋಡಿದರು. ಮಂಡಿ ಒಪ್ಪಲಿಲ್ಲ, ಗಾಲಿ ಎಡವುತ್ತ ಎಡವುತ್ತ ತಿರುಗಿತು. ಎರಡು ಸಲ ನೋಡಿ, ನಗುತ್ತ ಇಳಿದುಬಿಟ್ಟರು. ಹೋಟೆಲಿಗೆ ಮರಳುವ ದಾರಿಯಲ್ಲಿ ಅಪ್ಪನ ಬಲಗೈ ಮಡಿಲಲ್ಲಿ ಆಗಾಗ ಸುತ್ತುತ್ತಿತ್ತು.

ಎರಡನೆಯ ದಿನ

ಮಂಟಪದ ಸುತ್ತ ನಿನ್ನೆಗಿಂತ ಹೆಚ್ಚು ಜನ. ಗಡಿಗೆ ಹಾರುವುದನ್ನು ನೋಡಲು ಬಂದವರೂ ಅವರಲ್ಲಿದ್ದಿರಬೇಕು. ಎಡಗಾಲಿನಿಂದ ಒದೆಯಲು ಒಬ್ಬ ಗಟ್ಟಿಮುಟ್ಟಾದ ಕೆಲಸಗಾರನನ್ನು ಉಸ್ತಾ ಕರೆದು ನಿಲ್ಲಿಸಿದ್ದರು. ಅಪ್ಪ ಅವನಿಗೆ ಕೈ ಮುಗಿದು, ಬೇಡ ಎಂದು ಸನ್ನೆ ಮಾಡಿ, ನನ್ನ ಕಡೆ ತಿರುಗಿದ.

"ನೀ ಕುಂದರು."

"ನಾ?"

"ಅಂವಗ ಒದ್ಯಾಕ ಅಷ್ಟ ಗೊತ್ತೈತಿ. ಯಾವಾಗ ಜೋರ, ಯಾವಾಗ ಸಾವಕಾಶ, ಅದು ಗೊತ್ತಿಲ್ಲ. ನಿನಗ ಗೊತ್ತೈತಿ."

"ಅಪ್ಪಾ, ನಾ ಎಂದೂ ಮುಟ್ಟಿಲ್ಲ."

"ನೋಡೀದಿಯಲ್ಲ."

"ಕಾಲು," ಎಂದೆ.

ಅವನು ಗಾಲಿಯ ಕಡೆ ನೋಡಿದ. "ಮೊದಲ ಕೈ ಮುಟ್ಟಿ ನಮಸ್ಕಾರ ಮಾಡು. ಆಮ್ಯಾಲೆ ಕಾಲ ಇಡು. ಏನಾರ ತಪ್ಪಿದ್ದರ ಅದು ನನ್ನ ಪಾಲಿಗಿ ಇರಲಿ."

ನಾನು ಸಭೆಗಳಲ್ಲಿ ಎದ್ದು ಮಾತನಾಡುವವಳೂ ಅಲ್ಲ. ಅಷ್ಟು ಜನರ ಮುಂದೆ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆಯನ್ನು ಮಂಡಿಗೆ ಒತ್ತಿ ಸಿಕ್ಕಿಸಿ, ಬೆಂಚಿನ ಮೇಲೆ ಕುಳಿತೆ. ಬಗ್ಗಿ ಗಾಲಿಯನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡೆ. ತಣ್ಣಗಿತ್ತು, ಎಷ್ಟೋ ಕಾಲುಗಳಿಂದ ನುಣುಪಾಗಿತ್ತು. ಎಡಗಾಲು ಇಟ್ಟು ಮುಂದಕ್ಕೆ ನೂಕಿದೆ. ಗಾಲಿ ಗುಡಿ ಸುತ್ತುವ ಕಡೆಗೆ ಹೊರಟಿತು.

ಮೊದಲು ಜೋರು. ಮಣ್ಣು ನಡುವಿಗೆ ಬರುವ ತನಕ ಜೋರಾಗಿಯೇ ಇರಬೇಕು. ಅಪ್ಪನ ಮೊಣಕೈ ತೊಡೆಗೆ ಆನಿಸಿದ್ದು ಕಂಡಾಗ ಒಂದಿಷ್ಟು ಇಳಿಸಬೇಕು. ಅವನು ಕೆಳತುಟಿ ಕಚ್ಚಿದನೆಂದರೆ ಗೋಡೆ ಏಳುತ್ತಿದೆ, ಆಗ ಒಂದೇ ಸಮ, ಹೆಚ್ಚಿಲ್ಲ ಕಡಿಮೆಯಿಲ್ಲ. ಉಸಿರು ಹಿಡಿದರೆ ಕುತ್ತಿಗೆ. ಇದೆಲ್ಲ ನನಗೆ ಗೊತ್ತಿದೆಯೆಂದು ನನಗೇ ಗೊತ್ತಿರಲಿಲ್ಲ. ನಮ್ಮಿಬ್ಬರಲ್ಲಿ ಒಂದು ಮಾತೂ ಆಗಲಿಲ್ಲ. ಸಮರಕಂದದ ಹಳದಿ ಮಣ್ಣು ಅವನ ಕೈಗಳ ನಡುವೆ ಎದ್ದು, ಹೊಟ್ಟೆ ತುಂಬಿಕೊಂಡು, ಕೊರಳು ಕಿರಿದು ಮಾಡಿಕೊಂಡು, ಖಾನಾಪುರದ ಹರವಿಯ ಆಕಾರದಲ್ಲಿ ನಿಂತಿತು.

ಗಾಲಿ ನಿಂತ ಮೇಲೆ ಅಪ್ಪ ಅದರ ಬಾಯನ್ನು ಸುತ್ತಲೂ ನೋಡಿದ. ಉಸ್ತಾ ಕೂಡ ಬಗ್ಗಿ ನೋಡಿದರು. ಜನ ಚಪ್ಪಾಳೆ ತಟ್ಟುತ್ತಿದ್ದರು.

"ಜರಾ ಸೊಟ್ಟ ಐತಿ," ಎಂದ ಅಪ್ಪ, ನನಗಷ್ಟೇ ಕೇಳುವಂತೆ. ಮುದ್ದೆ ಮಾಡುತ್ತಾನೇನೋ ಎಂದು ನಾನು ಅವನ ಕೈ ನೋಡಿದೆ. ಅವನು ದಾರ ತೆಗೆದುಕೊಂಡು ಹರವಿಯನ್ನು ತಳದಲ್ಲಿ ಕೊಯ್ದು, ಎರಡೂ ಅಂಗೈಯಲ್ಲಿ ಎತ್ತಿ ನೆರಳಿನಲ್ಲಿ ಇಟ್ಟ.

"ತಿಗರಿ ಇಳಸತೀಯೇನು ಮತ್ತ?"

"ಯಾಕ? ಅದಕ್ಕೇನಾಗೇತಿ?"

ಆ ದಿನ ಹನ್ನೊಂದು ಗಡಿಗೆ ಮಾಡಿದೆವು. ನಡುವೆ ನಿಗೋರಾ ಹಸಿರು ಚಹಾ ತಂದಳು. ನಾಲ್ವರೂ ಹಲಗೆಯ ಮೇಲೆ ಸಾಲಾಗಿ ಕುಳಿತೆವು. ನಾನು ನೊಂದ ಎಡಗಾಲನ್ನು ತಿಕ್ಕಿಕೊಂಡೆ. ಅಪ್ಪ ಸಾಲಾಗಿ ನಿಂತ ಹಸಿ ಗಡಿಗೆಗಳನ್ನು ನೋಡುತ್ತ ಚಹಾ ಆರಲು ಬಿಟ್ಟ.

"ಆ ದಿಬ್ಬದ ಕುಂಬಾರರನ್ನ ಒಯ್ದರಲ್ಲ," ಎಂದ ಕೊನೆಗೆ. "ಅಲ್ಲೆ ಮಣ್ಣು ಬ್ಯಾರೆ, ತಿಗರಿ ಬ್ಯಾರೆ, ಮಾತು ಬ್ಯಾರೆ. ಗಡಿಗಿ ಏಳಲಿಲ್ಲಂದ್ರ ತಮ್ಮ ಕೈಯಽ ಹೋದವಂತ ತಿಳಕೊಂಡಿರಬೇಕು."

"ಇರಬಹುದಪ್ಪಾ."

"ಮುಂದ ಕುಂತು ನೋಡಿ ಹೇಳಾಕ, ಅವರ ಜೋಡಿ ಮಗಳು ಇದ್ದಳೋ ಇಲ್ಲೋ."

ಏನು ಹೇಳಿದರು ಎಂದು ನಿಗೋರಾ ನನ್ನ ಮುಖ ನೋಡಿದಳು. ಉಸ್ತಾನೂ ನೋಡಿದರು. ಇಡೀ ಪ್ರವಾಸದಲ್ಲಿ ಅಪ್ಪನ ಎಷ್ಟೋ ಮಾತನ್ನು ನಾನು ತಕ್ಕಮಟ್ಟಿಗೆ ಇಂಗ್ಲಿಷಿಗೆ ತಿರುಗಿಸಿದ್ದೆ. ಇದನ್ನು ತಿರುಗಿಸಲಿಲ್ಲ. ಚಹಾ ಚೆನ್ನಾಗಿದೆ ಅಂದರು ಎಂದೆ.